ಲೆನ್ಸಿನ ಮೇಲಿದ್ದ ಎರಡನೆಯ ಅಂಕಿ

ಮೊನ್ನೆ ಆಸ್ಪತ್ರೆಯ ಚೀಟಿ ಹುಡುಕಲು ಕಪಾಟು ತೆಗೆದರೆ, ಹಳೆಯ ಕ್ಯಾಮೆರಾ ಚೀಲದಿಂದ ಮುಗ್ಗಲು ವಾಸನೆ ಬಂತು. ಒಳಗೆ ನನ್ನ ಮೊದಲ ಝೂಮ್ ಲೆನ್ಸ್. ಅದರ ಮೂತಿಯ ಸುತ್ತ ಎರಡು ಅಂಕಿಗಳಿವೆ: 3.5–5.6. ಕೊಂಡಾಗ ಎರಡನೆಯದನ್ನು ನಾನು ಓದಿಯೇ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ಈಗ ನನಗೂ ನಗು ಬರುತ್ತದೆ.

ತೊಂಬತ್ತರ ದಶಕದ ಕೊನೆ. ಬೈಲಹೊಂಗಲದಲ್ಲಿ ನನಗೆ ಫೋಟೋ ಕಲಿಸಿದ ಉಸ್ತಾದರ ಹತ್ತಿರ ಕಲ್ಲಿನಷ್ಟು ಭಾರದ ಝೂಮ್ ಒಂದಿತ್ತು. ಬೆಳಕು ಬಿಡುವ ಕಿಂಡಿಯ ಅಳತೆಯಾಗಿ ಅದರ ಮೇಲೆ ಒಂದೇ ಅಂಕಿ, 2.8. ಎಷ್ಟೇ ಎಳೆದರೂ ಅದು ಒಳಗೆ ಬಿಡುವ ಬೆಳಕು ಅಷ್ಟೇ.

"ಬೆಳಕ ಒಮ್ಮೆ ಅಳದ ಇಟ್ಟಿ ಅಂದ್ರ ಮುಗೀತು. ಮತ್ತ ಮುಟ್ಟಬ್ಯಾಡ," ಎನ್ನುತ್ತಿದ್ದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಆದರೆ ಹಗುರವಾದ ಈ ಲೆನ್ಸ್ ಕೊಂಡೆ.

ಮನೋಳಿಯಲ್ಲಿ ಲಾರಿ ಡ್ರೈವರೊಬ್ಬರ ಮಗಳು ರೇಷ್ಮಾಳ ಮದುವೆ. ಹುಡುಗಿಯ ಅಪ್ಪ ನನ್ನನ್ನು ಬಾಗಿಲಲ್ಲೇ ತಡೆದರು. "ನಮ್ಮ ಅವ್ವನ ಕಣ್ಣಿನ ಆಪರೇಷನ್ ಆಗಿ ನಾಕ ದಿನ ಆಗೇತ್ರಿ. ಒಳಗ ಫ್ಲ್ಯಾಶ್ ಹೊಡಿಬ್ಯಾಡ್ರಿ."

ಕಿಟಕಿಯ ಬೆಳಕನ್ನು ಅಳೆದು ಕ್ಯಾಮೆರಾವನ್ನು ಅದಕ್ಕೆ ಹೊಂದಿಸಿಟ್ಟೆ, ಮತ್ತೆ ಮುಟ್ಟಲಿಲ್ಲ. ಹುಡುಗಿ ಹೊರಡುವ ಹೊತ್ತಿಗೆ ಅಜ್ಜಿ ಡಾಕ್ಟರ ಮಾತು ಮೀರಿ ಕರೀ ಚಸ್ಮಾ ತೆಗೆದು, ಮೊಮ್ಮಗಳ ಗಲ್ಲ ಹಿಡಿದು ನೋಡಿದರು. ನಾನು ಝೂಮ್ ಪೂರ್ತಿ ಎಳೆದು ಒತ್ತಿದೆ. ಅದು ಮತ್ತೆ ಸಿಗುವ ಗಳಿಗೆಯಲ್ಲ.

ಮನೆಗೆ ಬಂದು ಲೆನ್ಸ್ ಒರೆಸುವಾಗ 5.6 ಕಣ್ಣಿಗೆ ಬಿತ್ತು. ಎಳೆದಂತೆಲ್ಲ ಈ ಲೆನ್ಸಿನ ಕಿಂಡಿ ಕಿರಿದಾಗುತ್ತದೆ, ಕೊನೆಯಲ್ಲಿ ಒಳಬರುವ ಬೆಳಕು ಅರ್ಧಕ್ಕೂ ಕಡಿಮೆ. ಇನ್ನೂ ತೊಳೆಯದ ರೀಲಿನಲ್ಲಿ ಅಜ್ಜಿಯ ಆ ಫೋಟೋ ಕತ್ತಲಾಗಿಯೇ ಇರುತ್ತದೆ. ಉಸ್ತಾದರ ಹತ್ತಿರ ಓಡಿದೆ.

"ನಾ ಹೇಳಿದ್ದು ನನ್ನ ಲೆನ್ಸಿಗೆಪಾ," ಎಂದು ಅವರು ಅಡಿಕೆ ಕತ್ತರಿಸುತ್ತ ಕುಳಿತರು.

ಪ್ರಿಂಟು ಮಬ್ಬಾಗಿಯೇ ಬಂತು. ಗೋಡೆ, ಜನ ಎಲ್ಲ ಕತ್ತಲೆಯಲ್ಲಿ ಕಲಸಿಹೋಗಿ, ಹುಡುಗಿಯ ಮುಖ ಮತ್ತು ಅಜ್ಜಿಯ ಕೈ ಮಾತ್ರ ಉಳಿದಿದ್ದವು. ಅದನ್ನು ಆಲ್ಬಮ್ಮಿನ ಕೊನೆಯ ಹಾಳೆಗೆ ಹಾಕಿ ಒಯ್ದು ಕೊಟ್ಟು, ಬೈಗುಳ ಬೀಳುವ ಮೊದಲೇ ಹೊರಡಲು ಒಂದು ಕಾಲಿಗೆ ಚಪ್ಪಲಿ ಮೆಟ್ಟಿಕೊಂಡೇ ನಿಂತೆ. ಅಜ್ಜಿ ಉಳಿದದ್ದನ್ನೆಲ್ಲ ಸರಸರ ತಿರುವಿ, ಆ ಕೊನೆಯ ಹಾಳೆಗೆ ಬಂದು ನಿಂತರು. ಫೋಟೋ ಕಣ್ಣಿನ ಹತ್ತಿರ ತಂದರು.

"ಬಾಕಿ ಫೋಟೋ ನೀವು ಕಂಡದ್ದು. ಇದು ನಾ ಕಂಡದ್ದು. ಅವತ್ತ ನನಗ ರೇಷ್ಮಾ ಹಿಂಗ ಕಂಡಿದ್ಲು ನೋಡ್ರಿ. ಸುತ್ತ ಮಬ್ಬು, ನಡುವ ಆಕಿ ಮುಖ ಅಷ್ಟ."

ಮೆಟ್ಟಿದ್ದ ಚಪ್ಪಲಿಯನ್ನು ನಾನು ನಿಧಾನವಾಗಿ ಕಳಚಿಟ್ಟೆ. ಚಹಾ ಕುಡಿದೇ ಬಂದೆ.

ಮೊನ್ನೆ ಹುಡುಕುತ್ತಿದ್ದ ಆಸ್ಪತ್ರೆಯ ಚೀಟಿ ಆ ಚೀಲದ ಕೆಳಗೇ ಇತ್ತು. ಸೋಮವಾರ ನನ್ನ ಬಲಗಣ್ಣಿನ ಆಪರೇಷನ್, ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಕ್ಯಾಮೆರಾಕ್ಕೆ ಒತ್ತಿದ ಕಣ್ಣು. ವಾರದಿಂದ ಹೆದರಿ ನಿದ್ದೆಗೆಟ್ಟಿದ್ದೆ. ಲೆನ್ಸ್ ಒರೆಸಿ ಕಿಟಕಿಯಲ್ಲಿಟ್ಟೆ, ಹೆಂಡತಿಯನ್ನು ಕರೆದೆ. "ಪಟ್ಟಿ ಬಿಚ್ಚೋ ದಿನ ನೀ ನನ್ನ ಎದುರಿಗೇ ನಿಂದ್ರು," ಎಂದೆ.