ಎರಡೂ ಕೈ ಜೋಡಿಸಿದ್ದಕ್ಕೆ

ಕಟಪಾಡಿಯ ರತ್ನಾವತಿ ಫಹಾಹೀಲ್‌ನ ಕುವೈತಿಯೊಬ್ಬರ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ನಾಲ್ಕೂವರೆ ವರ್ಷ. ಮಗು ಬದರ್‌ಗೂ ಈಗ ಅಷ್ಟೇ ಪ್ರಾಯ. ಅವನ ಬಾಯಿಗೆ ಅರಬ್ಬಿಗಿಂತ ಮೊದಲು ಬಂದದ್ದು ತುಳು. ಇವಳು ಹಾಡಿದ್ದು, ಗದರಿದ್ದು, ಉಣ್ಣಿಸಿದ್ದು ಎಲ್ಲ ಅದರಲ್ಲೇ ಅಲ್ಲವೇ! ಮನೆಯವರು ನಗುತ್ತ, "ರತ್ನಾ, ಏನಂದ ಇವನು?" ಎಂದು ಕೇಳುತ್ತಿದ್ದರು. ಇವಳು ಹೇಳಿದ್ದೇ ಅರ್ಥ.

ಈ ಶುಕ್ರವಾರ ಅವಳಿಗೆ ಆ ಪ್ರಶ್ನೆಯದೇ ಹೆದರಿಕೆ. ಮನೆಯವರು ಅವಳನ್ನೂ ಕರೆದುಕೊಂಡು ಜಪಾನಿಗೆ ಹೋಗಿ ಬಂದು ಎರಡು ದಿನವಾಗಿತ್ತು. ಮನೆಯಲ್ಲೇ ಉಳಿದಿದ್ದ ಬದರ್‌ನ ಅಜ್ಜಿ, ಅಂದರೆ ರತ್ನಾವತಿ ಅಲ್ಲಿನ ರೂಢಿಯಂತೆ ಅಮ್ಮ ಎನ್ನುವ ಅರ್ಥದಲ್ಲಿ ಕರೆಯುವ ದೊಡ್ಡ ಮಾಮಾ, ಊಟ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೇಳತೊಡಗಿದರು: ಏನು ನೋಡಿದಿರಿ? ಯಾವುದು ಹಿಡಿಸಿತು?

ಯಜಮಾನರಿಗೆ ಒಸಾಕಾ ಕೋಟೆಯ ಮೇಲೆ ಮುನಿಸು. ಹೊರಗೆ ಅಷ್ಟೊಂದು ಗತ್ತು, ಒಳಗೆ ನೋಡಿದರೆ ಲಿಫ್ಟು! ಅವರ ಹೆಂಡತಿಯ ಬಾಯಲ್ಲಿ ನಾರಾದ ಜಿಂಕೆಗಳದೇ ಕಥೆ. ಬಿಸ್ಕತ್ತಿಗಾಗಿ ತಲೆಬಾಗಿ ವಂದಿಸಿದ ಆ ಸಭ್ಯಸ್ಥರು ಆಮೇಲೆ ಕೈಯಲ್ಲಿದ್ದ ನಕಾಶೆಯನ್ನೂ ತಿಂದುಬಿಟ್ಟರಂತೆ. ಎಲ್ಲರೂ ನಗುತ್ತಿದ್ದರು. ಚಹಾದ ತಟ್ಟೆ ಹಿಡಿದ ರತ್ನಾವತಿಯ ಕಣ್ಣು ಮಾತ್ರ ಬದರ್‌ನ ಮೇಲೆಯೇ ಇತ್ತು.

ಕ್ಯೋಟೋದ ಗುಡ್ಡದಲ್ಲಿ, ಕೆಂಪು ಕಮಾನುಗಳ ಸಾಲಿನ ಪಕ್ಕ, ಕೊರಳಿಗೆ ಕೆಂಪು ಬಟ್ಟೆ ಕಟ್ಟಿದ ಕಲ್ಲಿನ ನರಿಯೊಂದು ಕುಳಿತಿತ್ತು. ಮನೆಯವರು ಫೋಟೋ ತೆಗೆಯುತ್ತ ಮುಂದೆ ಹೋಗಿದ್ದರು; ಬದರ್‌ನ ಕೈ ಇವಳ ಕೈಯಲ್ಲಿತ್ತು. ಊರಿನ ದೈವವೇ ಎದುರು ಬಂದಂತಾಗಿ ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ಕೈ ಮುಗಿಯಲು ಎರಡೂ ಕೈ ಬೇಕು. ಕಣ್ಣು ಬಿಟ್ಟಾಗ ಬದರ್ ಇರಲಿಲ್ಲ.

ಹನ್ನೊಂದು ನಿಮಿಷ! ಜೀವ ಬಾಯಿಗೆ ಬಂದಿತ್ತು. ಕೊನೆಗೆ ಇನ್ನೊಂದು ನರಿಯ ಹಿಂದೆ ಕಲ್ಲು ಹೆಕ್ಕುತ್ತ ಸಿಕ್ಕಿದ. ಅವನನ್ನು ಅಪ್ಪಿಕೊಂಡು ಗಳಗಳನೆ ಅತ್ತಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಖಲಾಸ್, ಊರಿಗೆ ಟಿಕೆಟ್. ಮತ್ತೆ ಈ ಮಗುವಿನ ಮುಖ ಕಾಣುವುದುಂಟೇ?

"ನಿನಗೇನು ಹಿಡಿಸಿತು, ಬದರ್?" ಅಜ್ಜಿ ಕೇಳಿಯೇಬಿಟ್ಟರು.

ಬದರ್ ಯೋಚಿಸಿದ. "ರತ್ನಕ್ಕ ಬುಲ್ತೆರ್," ಎಂದ. ರತ್ನಕ್ಕ ಅತ್ತರು.

"ನಿನ್ನ ಹೆಸರು ಬಂತಲ್ಲ ರತ್ನಾ, ಏನಂದ?"

"ನಾನು ತೋರಿಸಿದ ಜಿಂಕೆ ಹಿಡಿಸಿತಂತೆ, ಮಾಮಾ," ಎಂದಳು ಅವಳು, ತನಗೆ ಬರುವ ಅರಬ್ಬಿಯಲ್ಲಿ.

ಬದರ್ ಅವಳನ್ನೇ ದಿಟ್ಟಿಸಿದ. ಅರಬ್ಬಿ ಅವನಿಗೂ ಬರುತ್ತದಲ್ಲ! ಅವನು ಹುಬ್ಬು ಗಂಟಿಕ್ಕಿದ. ಆಮೇಲೆ ಅಜ್ಜಿಯ ಕಡೆ ತಿರುಗಿ ಅರಬ್ಬಿಯಲ್ಲೇ, "ಹೌದು, ಜಿಂಕೆ," ಎಂದ.

ಅಬ್ಬ, ಬದುಕಿದೆ ಎಂದುಕೊಂಡು ಅವಳು ಅಡುಗೆಮನೆಗೆ ನಡೆದಳು. ಬದರ್ ಹಿಂದೆಯೇ ಓಡಿ ಬಂದು ಅವಳ ಶಾಲು ಜಗ್ಗಿದ.

"ಸರಿ ಪಂಡೆನಾ?" ಎಂದು ಪಿಸುಗುಟ್ಟಿದ. ಸರಿಯಾಗಿ ಹೇಳಿದೆನಾ?

ಹೊಸ ಮಾತು ಕಲಿತಾಗಲೆಲ್ಲ ಅವನು ಕೇಳುತ್ತಿದ್ದುದು ಹೀಗೆಯೇ. ಈಗಲೂ ಅವಳ ಶಹಭಾಸ್‌ಗಾಗಿ ಮುಖವೆತ್ತಿ ಕಾಯುತ್ತಿದ್ದ. ರತ್ನಾವತಿಗೆ ತನ್ನ ಬಗ್ಗೆ ತನಗೇ ನಾಚಿಕೆಯಾಯಿತು. ತಟ್ಟೆ ಕೆಳಗಿಟ್ಟು, ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಹಾಲ್‌ಗೆ ವಾಪಸು ಬಂದಳು.

"ಮಾಮಾ, ಮಗು ಹೇಳಿದ್ದು ಜಿಂಕೆಯ ಮಾತಲ್ಲ."