ನೀರ ಬಂತೇನೋ ತಮ್ಮಾ

ಎದುರು ಸಿಕ್ಕವರನ್ನು ಜನ ಊಟವಾಯಿತೇ ಎಂದು ಕೇಳುತ್ತಾರೆ. ನೀಲವ್ವ ಕೇಳುತ್ತಿದ್ದುದು ಒಂದೇ ಮಾತು: "ನೀರ ಬಂತೇನೋ ತಮ್ಮಾ?"

ಸಂಜೆ ಫೋರ್ಟಿನ ಆಫೀಸು ಮುಗಿಸಿ, ಲೋಕಲ್ಲಿನಲ್ಲಿ ನಿಂತೇ ಘಾಟ್ಕೋಪರಿಗೆ ಬಂದು, ನಾನು ನಮ್ಮ ಚಾಳಿನ ಮರದ ಮೆಟ್ಟಿಲು ಹತ್ತುವ ಹೊತ್ತಿಗೆ ಅವಳು ಮೇಲೆ ನಿಂತಿರುತ್ತಿದ್ದಳು. ಹಸಿರು ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ, ಕೈಯಲ್ಲಿ ಹಿಟ್ಟು. ಹೊಸಬರಾದರೆ ಇವಳು ನಲ್ಲಿ ನೀರಿನ ಮಾತಾಡುತ್ತಿದ್ದಾಳೆಂದು ತಿಳಿದು, ಅದು ಬೆಳಿಗ್ಗೆಯೇ ಬಂದು ಹೋಯಿತಲ್ಲ ಎನ್ನುತ್ತಿದ್ದರು. ಅವಳು ಕೇಳುತ್ತಿದ್ದುದು ನನ್ನ ಆಫೀಸಿನ ಎದುರಿಗೆ ತೋಡುತ್ತಿದ್ದ ಪಾಯದ ಸುದ್ದಿ. ಮುಂಬಯಿಯಲ್ಲೇ ಎತ್ತರದ್ದಾಗುತ್ತದೆ ಎಂದು ಜನ ಹೇಳಿಕೊಳ್ಳುತ್ತಿದ್ದ ಕಟ್ಟಡ ಅದು. ಅದರ ಗುಂಡಿಯೊಳಗೆ ಅವಳ ಗಂಡ ಸಿದ್ದಪ್ಪ ಗುದ್ದಲಿ ಹಿಡಿದಿದ್ದ.

ಸಿದ್ದಪ್ಪನದು ವಿಜಾಪುರದ ಕಡೆ ಬಾವಿ ತೋಡುವ ಮನೆತನ. ಅವನು ನಿಂತ ಕಡೆ ನೀರು ಎಂದು ಹೆಸರಾಗಿತ್ತಂತೆ. ಆಮೇಲೆ ಅದೇನಾಯಿತೋ, ತೋಡಿದ ಬಾವಿಗಳಲ್ಲೆಲ್ಲ ಬರೀ ಒಣ ಮಣ್ಣೇ ಬಂತು. ಸಿದ್ದಪ್ಪನ ಕೈಗುಣ ಹೋಯಿತು ಎಂದು ಜನ ಆಡಿಕೊಂಡರು, ಕರೆಯುವವರು ಇಲ್ಲವಾದರು. ಒಂದು ದಿನ ಗಂಡ ಹೆಂಡತಿ ಹಾಸಿಗೆ ಸುತ್ತಿಕೊಂಡು ಮುಂಬಯಿಯ ರೈಲು ಹತ್ತಿದರು. ಆದರೆ ನೀಲವ್ವ ಮನಸ್ಸಿನಲ್ಲಿ ಊರು ಬಿಟ್ಟಿರಲಿಲ್ಲ. ಈ ಗುಂಡಿಯಲ್ಲಿ ಗಂಡನ ಕೈಯಿಂದ ಸಿಹಿನೀರು ಬರಬೇಕು, ಹೋದ ಕೈಗುಣ ತಿರುಗಿ ಬಂತು ಎಂದು ಹೇಳಿಕೊಂಡು ಊರಿಗೆ ಹೋಗಬೇಕು. ಅವಳ ಲೆಕ್ಕ ಅಷ್ಟೆ.

ನಾನು ಉಡುಪಿಯ ಕಡೆಯ ಹುಡುಗ, ಟೈಪಿಸ್ಟು, ಎಲ್ಲವನ್ನೂ ಬಿಡಿಸಿ ಹೇಳುವ ಚಟ. ಕಟ್ಟಡಕ್ಕೆ ನೀರು ಬೇಡ ಅಕ್ಕ, ಅದರ ಕಾಲು ಬಂಡೆಯ ಮೇಲೆ ಊರಬೇಕು, ಅವರು ಬಂಡೆ ಹುಡುಕುತ್ತಿದ್ದಾರೆ, ಸಮುದ್ರದ ನೀರು ನುಗ್ಗುತ್ತದೆಂದು ಹಗಲೂ ರಾತ್ರಿ ಪಂಪು ಇಟ್ಟು ಎತ್ತಿ ಹೊರಗೆ ಚೆಲ್ಲುತ್ತಿದ್ದಾರೆ ಎಂದು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. "ಕಲ್ಲು ಬೇಕಾಗಿದ್ರ ನಮ್ಮೂರಿಗೆ ಬರಬೇಕಿತ್ತು. ಅಲ್ಲಿ ಮ್ಯಾಲೇ ಬಿದ್ದಾವು" ಎಂದಳು. ಸಮುದ್ರದ ನೀರನ್ನು ನೀರೆಂದು ಅವಳು ಒಪ್ಪಲೇ ಇಲ್ಲ. ಅದು ಸವಳು, ಸವಳು ಬಂದದ್ದಕ್ಕೆ ನೀರು ಬಂತು ಅನ್ನುವುದಿಲ್ಲ, ಸಿಹಿ ಇನ್ನೂ ಕೆಳಗೆ ಇರುತ್ತದೆ, ತಾಳ್ಮೆ ಬೇಕು ಎಂಬುದು ಅವಳ ವಾದ.

ಗಂಡನನ್ನೇ ಕೇಳಬಾರದೇ ಎಂದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ಬಾವಿಗೆ ಇಳಿದವನನ್ನು ಮನೆಯವರು ನೀರು ಬಂತೇ ಎಂದು ಕೇಳಿದರೆ ಒರತೆ ಹಿಂದೆ ಸರಿಯುತ್ತದಂತೆ. ಸುದ್ದಿ ಬೇರೆಯವರ ಬಾಯಿಂದಲೇ ಬರಬೇಕು. ತಂದವರ ಬಾಯಿಗೆ ಅಲ್ಲೇ, ಹೊಸ್ತಿಲಲ್ಲೇ, ಬೆಲ್ಲ ಹಾಕಬೇಕು. ಅದಕ್ಕೆಂದೇ ಊರಿಂದ ತಂದ ಬೆಲ್ಲದ ಹೆಂಟೆಯೊಂದನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಯ ಮೊಳೆಗೆ ತೂಗುಹಾಕಿದ್ದಳು. ಚಹಾಕ್ಕೆ ಬೆಲ್ಲ ಮುಗಿದರೂ ಆ ಗಂಟಿಗೆ ಕೈ ಹಾಕುತ್ತಿರಲಿಲ್ಲ. ನಾನು ದಿನಾ ಇಲ್ಲ ಎನ್ನುತ್ತಿದ್ದೆ. ಅವಳು ಬೇಸರಪಡದೆ ಬಿಸಿ ಜೋಳದ ರೊಟ್ಟಿಯೊಂದನ್ನು ನನ್ನ ಕೈಗಿಟ್ಟು, ನಾನು ಅಗಿಯಲು ಪಡುವ ಪಾಡನ್ನು ನೋಡಿ ನಗುತ್ತಿದ್ದಳು. "ಅನ್ನಾ ಉಂಡ ಹಲ್ಲು, ರೊಟ್ಟಿ ಕಂಡ್ರ ಅಂಜತಾವ." ಮನೆಯಿಂದ ಅಷ್ಟು ದೂರ ಬಂದವನಿಗೆ ಅದು ಎಷ್ಟು ದೊಡ್ಡದಾಗಿತ್ತೆಂದು ಈಗ ಹೇಳಲು ಕಷ್ಟ. ಆ ಊರಿನಲ್ಲಿ ನನ್ನ ಹಸಿವನ್ನು ಕೇಳದೆಯೇ ತಿಳಿದವಳು ಅವಳೊಬ್ಬಳೇ.

ಒಂದು ದಿನ ಗುಂಡಿ ನೋಡಲೇಬೇಕೆಂದು ಹಟ ಹಿಡಿದು ನನ್ನ ಜೊತೆ ಬಂದಳು. ತಗಡಿನ ಬೇಲಿಯ ಸಂದಿಯಲ್ಲಿ ಕಣ್ಣಿಟ್ಟು ನೋಡುವ ಆಫೀಸಿನ ಜನ ಅಲ್ಲಿ ಯಾವಾಗಲೂ ಇರುತ್ತಿದ್ದರು. ಚಾ ಕುಡಿಯಲು ಹೊರಟವರು ಚಾ ಮರೆತು ನಿಲ್ಲುತ್ತಿದ್ದರು. ನೀಲವ್ವ ಅವರ ನಡುವೆ ನುಗ್ಗಿ ಇಣುಕಿದಳು. ಕೆಳಗೆ, ಬಹಳ ಕೆಳಗೆ, ಕೆಸರಿನಲ್ಲಿ ಮನುಷ್ಯರು ಬೆರಳಷ್ಟು ಕಾಣುತ್ತಿದ್ದರು. ಪಂಪಿನ ಕೊಳವೆಯಿಂದ ಗಟಾರಕ್ಕೆ ಸುರಿಯುತ್ತಿದ್ದ ನೀರಿಗೆ ಅವಳು ಬೊಗಸೆಯೊಡ್ಡಿ ಬಾಯಿಗೆ ಹಾಕಿಕೊಂಡು, ಮುಖ ಕಿವುಚಿ ಉಗುಳಿದಳು. ಆಮೇಲೆ ಎರಡು ಕಲ್ಲು ಆಯ್ದುಕೊಂಡು ಟಕ್ ಟಕ್ ಎಂದು ಬಡಿದಳು. ಗಂಡನ ಹೆಸರು ಹಿಡಿದು ಕೂಗುವಂತಿಲ್ಲ, ಅದಕ್ಕೆ ಬಾವಿಯ ದಂಡೆಯಲ್ಲಿ ಅವರ ಕಡೆಯ ಹೆಂಗಸರು ಮಾಡುವ ಉಪಾಯವಂತೆ. ಅಷ್ಟು ಪಂಪುಗಳ ಸದ್ದಿನಲ್ಲಿ ಯಾರಿಗೆ ಕೇಳಿಸೀತು ಎಂದು ನಾನು ನಗುವಷ್ಟರಲ್ಲಿ ಕೆಳಗಿನ ಒಂದು ತಲೆ ಮೇಲೆದ್ದಿತು. ಗುದ್ದಲಿಯಿಂದ ಯಾವುದೋ ಕಬ್ಬಿಣಕ್ಕೆ ಎರಡು ಸಲ ಬಡಿದ ಸದ್ದು ಬಂತು. ಚೆನ್ನಾಗಿದ್ದೇನೆ ಎಂದು ಅದರ ಅರ್ಥ. ನೀಲವ್ವ ಸೆರಗು ಸರಿಮಾಡಿಕೊಂಡು, ಮದುವಣಗಿತ್ತಿಯ ಹಾಗೆ ನಾಚಿಕೊಂಡು, ಮನೆಗೆ ಹೋಗೋಣ ನಡೆ ಎಂದಳು.

ಮಳೆಗಾಲದಲ್ಲಿ ಸಮುದ್ರ ಉಕ್ಕಿದ ಒಂದು ಮಧ್ಯಾಹ್ನ ಗುಂಡಿಯ ಸಮುದ್ರದ ಕಡೆಯ ಮಗ್ಗುಲು ಕುಸಿದು ನೀರು ನುಗ್ಗಿತು. ನಾನು ಟೈಪು ಮಾಡುತ್ತಿದ್ದೆ. ಸೀಟಿಗಳು, ಓಡುವ ಸದ್ದು, ಆಮೇಲೆ ಬೇಲಿಯ ಸುತ್ತ ಜನ. ಉಳಿದವರೆಲ್ಲ ಏಣಿ ಹತ್ತಿ ಬಂದರು. ಸಿದ್ದಪ್ಪನ ಹೆಣವನ್ನು ಸಂಜೆಯ ಹೊತ್ತಿಗೆ ಹೊರಗೆ ತೆಗೆದರು. ನೀಲವ್ವನಿಗೆ ಹೇಳಬೇಕೆಂದು ಗುಂಡಿಯ ಕೂಲಿಗಳ ಮೇಲ್ವಿಚಾರಕ, ಮರಾಠಿ ಮುಕಾದಮ, ಮುದುಕ, ನನ್ನನ್ನು ಜೊತೆಗೆ ಕರೆದುಕೊಂಡು ಘಾಟ್ಕೋಪರಿಗೆ ಹೊರಟ.

ಚಾಳಿನ ಮೆಟ್ಟಿಲು ಇಕ್ಕಟ್ಟು. ಅವನು ಮುಂದೆ, ನಾನು ಹಿಂದೆ. ನೀಲವ್ವ ಎಂದಿನಂತೆ ಮೇಲೆ ನಿಂತಿದ್ದಳು. ಮುಕಾದಮ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ಬಾಯಿ, ಪಾಣಿ ಆಲಂ" ಎಂದ. ಅಮ್ಮಾ, ನೀರು ಬಂತು ಎಂದಷ್ಟೇ. ಮುಂದಿನ ಮಾತಿಗೆ ಮುಂಚೆ ಟೋಪಿಯನ್ನು ಎರಡೂ ಕೈಯಲ್ಲಿ ಮಡಚತೊಡಗಿದ.

ನೀಲವ್ವನಿಗೆ ಮರಾಠಿ ಬರುತ್ತಿರಲಿಲ್ಲ. ಬರುತ್ತಿದ್ದುದು ಆ ಎರಡು ಶಬ್ದ ಮಾತ್ರ. ದಿನಾ ಬೆಳಿಗ್ಗೆ ನಲ್ಲಿಗೆ ನೀರು ಬಂದೊಡನೆ ಯಾರಾದರೂ ಅದನ್ನೇ ಕೂಗುತ್ತಿದ್ದರು, ಇಡೀ ಚಾಳು ಕೊಡ ಹಿಡಿದು ಓಡುತ್ತಿತ್ತು. ಅವಳ ಮುಖ ಅರಳಿದ್ದನ್ನು ನಾನು ಕಂಡೆ. ಅಕ್ಕಾ ಎಂದು ಕೂಗುವಷ್ಟರಲ್ಲಿ ಒಳಗೆ ಓಡಿಹೋಗಿದ್ದಳು. ಮೊಳೆಯಿಂದ ಗಂಟು ಇಳಿಸಿ, ಒರಳಿನ ಗುಂಡಿನಿಂದ ಬೆಲ್ಲ ಒಡೆದ ಸದ್ದು ಕೇಳಿಸಿತು. ಹೊರಗೆ ಬಂದವಳೇ ಮುಕಾದಮನ ಅಂಗೈಗೆ ಒಂದು ಚೂರು, ನನ್ನ ಅಂಗೈಗೆ ಒಂದು ಚೂರು ಇಟ್ಟಳು.

"ಸೀ ನೀರ ಹೌದಲ್ಲೋ ತಮ್ಮಾ? ನಾ ಹೇಳಿದ್ದಿಲ್ಲೇನು? ಅವರ ಕೈಗುಣ ಎಲ್ಲಿ ಹೋಗ್ತದ?"

ಮುಕಾದಮ ಬೆಲ್ಲ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕುಸಿದು ಕೂತ. ಕನ್ನಡದಲ್ಲಿ ಹೇಳುವುದು ನನ್ನ ಪಾಲಿಗೆ ಬಂತು. "ಅಕ್ಕ, ಸಮುದ್ರದ ನೀರು ಬಂದದ್ದು. ಸಿದ್ದಣ್ಣ ಮೇಲೆ ಬರ್ಲಿಲ್ಲ" ಎಂದೆ. ಅವಳು ಅಳಲಿಲ್ಲ. ನನ್ನ ಅಂಗೈಯಲ್ಲಿದ್ದ ಬೆಲ್ಲವನ್ನು ನೋಡುತ್ತ ನಿಂತಳು.

"ನೀರ ಬಂತು ಅಂದ್ರಲ್ಲೋ" ಎಂದಳು ಮೆಲ್ಲಗೆ.

ಅವಳ ಅಣ್ಣ ಬಂದು ಕರೆದೊಯ್ಯುವವರೆಗೆ ಅವಳು ನಮ್ಮ ಚಾಳಿನಲ್ಲೇ ಇದ್ದಳು. ಆ ದಿನಗಳಲ್ಲಿ ಒಂದು ಬದಲಾವಣೆಯಾಯಿತು. ಯಾರೂ ಹೇಳಿ ಮಾಡಿಸಿದ್ದಲ್ಲ. ನೀರಿಗಾಗಿ ಪ್ರತಿದಿನ ಜುಟ್ಟು ಹಿಡಿದು ಜಗಳಾಡುವ ಹೆಂಗಸರು, ನಲ್ಲಿಗೆ ನೀರು ಬಂದರೆ ಕೂಗುವುದನ್ನು ನಿಲ್ಲಿಸಿದರು. ಮೊದಲು ಕಂಡವರು ಮನೆ ಮನೆಯ ಬಾಗಿಲು ತಟ್ಟಿ, ಏನೂ ಹೇಳದೆ ಮುಂದೆ ಹೋಗುತ್ತಿದ್ದರು. ನೀಲವ್ವನ ಕೊಡವನ್ನು ಯಾರೋ ತುಂಬಿಸಿ ಹೊಸ್ತಿಲಲ್ಲಿ ಇಟ್ಟಿರುತ್ತಿದ್ದರು. ನಾನು ಸಂಜೆ ಬಂದಾಗ ಅವಳು ಬಾಗಿಲಲ್ಲಿ ಕೂತಿರುತ್ತಿದ್ದಳು. ನೋಡುತ್ತಿದ್ದಳು, ಕೇಳುತ್ತಿರಲಿಲ್ಲ. ಒಂದು ಸಲ ಕೇಳಿಬಿಡಲಿ ಎಂದು ನನಗೆ ಎದೆ ಉರಿಯುತ್ತಿತ್ತು.

ಊರಿಗೆ ಹೊರಟ ದಿನ ಬೋರಿಬಂದರ ಸ್ಟೇಷನ್ನಿಗೆ ಹೋಗುವ ಮೊದಲು ಗುಂಡಿಯ ಹತ್ತಿರ ಕರೆದುಕೊಂಡು ಹೋಗು ಎಂದಳು. ಪಂಪುಗಳು ನಿಂತಿದ್ದವು. ಕೆಳಗೆ ಬಂಡೆ ಸಿಕ್ಕು, ಮೇಲೆ ಕಾಂಕ್ರೀಟು ಸುರಿದು, ಎಲ್ಲ ಬೂದುಬಣ್ಣವಾಗಿತ್ತು. ಅವಳು ಬಗ್ಗಿ ಎರಡು ಕಲ್ಲು ಆಯ್ದುಕೊಂಡಳು. ಬಡಿಯಲಿಲ್ಲ. ಬೇಲಿಯ ಬುಡದಲ್ಲಿ ಒಂದರ ಪಕ್ಕ ಒಂದನ್ನು ಮೆಲ್ಲಗೆ ಇಟ್ಟು, ಅಣ್ಣನ ಹಿಂದೆ ಹೊರಟಳು. ಸ್ಟೇಷನ್ನಿನಲ್ಲಿ ನನ್ನ ಕೆನ್ನೆ ಸವರಿ, "ಹೊತ್ತಿಗೆ ಸರಿಯಾಗಿ ಉಣ್ಣೋ ತಮ್ಮಾ" ಎಂದಳು. ಮತ್ತೆ ಅವಳನ್ನು ನಾನು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೂ ಹಾಸಿಗೆಯಲ್ಲಿದ್ದೆ. ಕೆಳಗೆ ಅಂಗಳದಲ್ಲಿ ಯಾರೋ ಗಂಟಲು ಬಿಟ್ಟು ಕೂಗಿದರು, "ಪಾಣಿ ಆಲಂ!" ಕೊಡಗಳು ಗಲಗಲ ಎಂದವು, ಮೆಟ್ಟಿಲು ಧಡಧಡ ಎಂದವು. ಅವಳು ನಿಜವಾಗಿ ಹೋದಳೆಂದು ನನಗೆ ತಿಳಿದದ್ದು ಆಗ. ಬಕೆಟ್ಟು ಹಿಡಿದು ಹೊರಗೆ ಬಂದವನು ನಲ್ಲಿಯವರೆಗೆ ಹೋಗಲಾರದೆ, ಬೀಗ ಬಿದ್ದ ಅವಳ ಬಾಗಿಲಿನ ಮುಂದೆ ಕೂತು ಅತ್ತೆ.