ರಿಟೈರಾದ ಎರಡನೆಯ ವರ್ಷ

ನಾನು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಬೆಂಗಳೂರು ಕಡೆಯಿಂದ ಹೊರಟು ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರಕ್ಕೆ ಹೋಗುತ್ತಿದ್ದ ಚಿಕ್ಕ ಹಳಿಯ ಗಾಡಿಯಲ್ಲೇ ನನ್ನ ಸರ್ವಿಸಿನ ಬಹುಭಾಗ ಕಳೆಯಿತು. ಆ ಗಾಡಿ ಎಷ್ಟು ನಿಧಾನವೆಂದರೆ, ಏರಿನಲ್ಲಿ ಜನ ಇಳಿದು, ಬೇಲಿಯ ಪಕ್ಕ ಕೂತೆದ್ದು, ಓಡಿ ಬಂದು ಮತ್ತೆ ಹತ್ತಿಕೊಳ್ಳುತ್ತಿದ್ದರು. ಅವರನ್ನು ಬೈಯುವುದೂ ನನ್ನ ಡ್ಯೂಟಿಯ ಒಂದು ಭಾಗವೆಂದು ನಾನು ತಿಳಿದುಕೊಂಡಿದ್ದೆ. ಗಂಟಲು ದೊಡ್ಡದಿತ್ತು, ಮೀಸೆಯೂ ದೊಡ್ಡದಿತ್ತು. ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ನಿಂತು ಕೂಗಿದರೆ ಈ ತುದಿಯಲ್ಲಿ ಬುಟ್ಟಿ ಹೊತ್ತವರು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಇದನ್ನೆಲ್ಲ ಹೇಳುತ್ತಿರುವುದು ನಾನು ಎಂಥ ಮನುಷ್ಯನಾಗಿದ್ದೆ ಎಂಬುದು ಗೊತ್ತಾಗಲಿ ಎಂದು. ಮೂಲೆಯಲ್ಲಿ ಕೂರುವ ಜಾಯಮಾನ ನನ್ನದಲ್ಲ.

ಅರವತ್ತರ ದಶಕದ ಆರಂಭದಲ್ಲಿ ರಿಟೈರಾದೆ. ಚಿಂತಾಮಣಿಯಲ್ಲಿ ಸ್ವಂತ ಮನೆ ಇತ್ತು. ಹಿತ್ತಲಲ್ಲಿ ಬದನೆ, ಹೀರೆ ಹಾಕಿದೆ. ಬೆಳಗ್ಗೆ ಹೋಟೆಲಿನಲ್ಲಿ ಕೂತು ಪೇಪರು ಓದುವುದು, ಮಧ್ಯಾಹ್ನ ಒಂದು ನಿದ್ದೆ, ಸಂಜೆ ಸ್ಟೇಷನ್ನಿನ ಕಡೆ ಹೋಗಿ ಹೊಸ ಗಾರ್ಡುಗಳ ತಪ್ಪು ಎತ್ತಿ ಆಡುವುದು. ಮೊದಲ ವರ್ಷ ಹೀಗೆ ರಾಜನ ಹಾಗೆ ಕಳೆಯಿತು. ಆಮೇಲೆ ನನಗೆ ಬಂದದ್ದು ಕೆಲಸ ಬಿಟ್ಟದ್ದರಿಂದಲೇ ಬಂತು ಎಂದು ಬಹಳ ಜನ ಹೇಳಿದರು. ನಾನು ಒಪ್ಪುವುದಿಲ್ಲ. ಕೆಲಸ ಬಿಟ್ಟ ಸುಖವನ್ನು ನಾನು ಒಂದು ವರ್ಷ ಚೆನ್ನಾಗಿಯೇ ಉಂಡಿದ್ದೆ.

ಎರಡನೆಯ ವರ್ಷ ದೀಪಾವಳಿ ಕಳೆದ ಮೇಲೆ ಅದು ಶುರುವಾಯಿತು. ಯಾರೂ ಸತ್ತಿರಲಿಲ್ಲ. ಯಾರ ಜೊತೆಯೂ ಜಗಳವಾಗಿರಲಿಲ್ಲ. ಒಂದು ಬೆಳಗ್ಗೆ ಮುಖಕ್ಷೌರಕ್ಕೆಂದು ಕನ್ನಡಿಯ ಮುಂದೆ ನಿಂತವನಿಗೆ ಬ್ರಷ್ಷನ್ನು ನೀರಿಗೆ ಅದ್ದುವುದು ಮಹಾ ಕಷ್ಟದ ಕೆಲಸವೆನ್ನಿಸಿತು. ನಾಳೆ ಮಾಡಿದರಾಯಿತು ಎಂದುಕೊಂಡೆ. ಮರುದಿನವೂ ಹಾಗೇ ಅನ್ನಿಸಿತು. ಆಮೇಲೆ ಸ್ನಾನ ಭಾರವಾಯಿತು, ಹೋಟೆಲಿನವರೆಗೆ ನಡೆಯುವುದು ಭಾರವಾಯಿತು. ಯಾರಾದರೂ ನಮಸ್ಕಾರ ಎಂದರೆ ತಿರುಗಿ ನಮಸ್ಕಾರ ಎನ್ನುವುದೂ ಭಾರವಾಯಿತು. ಅನ್ನ ಬಾಯಲ್ಲಿಟ್ಟರೆ ಮಣ್ಣು ಅಗಿದಂತೆ. ಕೋಳಿ ಕೂಗುವುದಕ್ಕೆ ಮುಂಚೆಯೇ ಎಚ್ಚರ. ಎಚ್ಚರವಾದ ಗಳಿಗೆಯೇ ಅತ್ಯಂತ ಕೆಟ್ಟದ್ದು. ಎದೆಯ ಮೇಲೆ ಏನೋ ಕೂತಿರುತ್ತಿತ್ತು. ಹಿತ್ತಲಿನ ಬದನೆಗಿಡಗಳು ಒಣಗಿದವು, ನಾನು ಅವುಗಳನ್ನು ಕಿಟಕಿಯಿಂದ ನೋಡುತ್ತಾ ಮಲಗಿದ್ದೆ.

ನನ್ನ ಹೆಂಡತಿ ಆಂಧ್ರದ ಗಡಿಯ ಪಕ್ಕದ ಹಳ್ಳಿಯವಳು. ಮನೆಯಲ್ಲಿ ಕನ್ನಡವೇ ಆಡಿದರೂ ಗಾಬರಿಯಾದಾಗ ತೆಲುಗು ಬಂದುಬಿಡುತ್ತಿತ್ತು. ಆ ಚಳಿಗಾಲವೆಲ್ಲ ಅವಳ ಬಾಯಲ್ಲಿ "ಅಯ್ಯೋ ದೇವುಡಾ" ತಪ್ಪಲಿಲ್ಲ. ಎಣ್ಣೆ ನೀರು ಹಾಕಿದಳು, ದೃಷ್ಟಿ ತೆಗೆದಳು, ಕೈವಾರದ ದೇವರಿಗೆ ಹರಕೆ ಹೊತ್ತಳು. ಊರಿನ ಡಾಕ್ಟರೊಬ್ಬರನ್ನು ಮನೆಗೇ ಕರೆಸಿದಳು. ಅವರು ನಾಡಿ ನೋಡಿ, ಶಕ್ತಿಗೆಂದು ಇಂಜೆಕ್ಷನ್ ಕೊಟ್ಟು, ಕೆಂಪು ಟಾನಿಕ್ ಬರೆದು, ವಯಸ್ಸಾಯಿತಲ್ಲ ಎಂದು ಹೇಳಿ ಹೋದರು. ಟಾನಿಕ್ ಕುಡಿದೆ. ಹರಕೆಯ ಕುಂಕುಮ ಇಟ್ಟುಕೊಂಡೆ. ಬಂದ ನೆಂಟರು "ಧೈರ್ಯ ತಗೋಬೇಕು ಕಣಪ್ಪಾ, ಗಂಡಸಾದೋನು ಹಿಂಗೆ ಮಲಗ್ತಾರಾ?" ಎಂದರು. ಧೈರ್ಯ ತಂದುಕೊಳ್ಳುವುದಕ್ಕೆ ಅದನ್ನು ಎಲ್ಲಿಟ್ಟಿದ್ದೇನೆಂದು ನನಗೆ ಗೊತ್ತಿರಬೇಕಿತ್ತಲ್ಲ.

ಮಗಳನ್ನು ಗೌರಿಬಿದನೂರಿಗೆ ಕೊಟ್ಟಿದ್ದೆವು. ನಾನು ಹೀಗೆ ಮಲಗಿದ್ದರಿಂದ ಅವಳ ಬಾಣಂತನವೂ ಅಲ್ಲೇ ಆಗಿತ್ತು. ಮಾಘಮಾಸದಲ್ಲಿ ಮಗುವಿಗೆ ಹೆಸರಿಡುವ ಶಾಸ್ತ್ರ. ಹೆಂಡತಿ ನನಗೆ ತಾನೇ ಶರ್ಟು ತೊಡಿಸಿ ಬಸ್ಸು ಹತ್ತಿಸಿದಳು. ಬೀಗರ ಮನೆ ತುಂಬ ಜನ. ನಾನು ಹಿಂದಿನ ಕೋಣೆಯಲ್ಲಿ ರಾಗಿಮೂಟೆಗೆ ಒರಗಿ ಕೂತೆ. ಮಗಳು ಅಲ್ಲಿಗೇ ಬಂದು ಮಗುವನ್ನು ನನ್ನ ತೊಡೆಯ ಮೇಲಿಟ್ಟಳು. ಬಿಸಿನೀರು ಹುಯ್ದು ಮಲಗಿಸಿ ಎಬ್ಬಿಸಿದ ಮಗು, ಕೆಂಪಗೆ, ಸಾಂಬ್ರಾಣಿಯ ವಾಸನೆ. ನನ್ನ ಮೊದಲ ಮೊಮ್ಮಗಳು. ನೋಡಿದೆ. ಏನೂ ಆಗಲಿಲ್ಲ. ತೊಡೆಯ ಮೇಲೆ ಯಾರದೋ ಗಂಟನ್ನು ಇಟ್ಟಂತಿತ್ತು, ಅಷ್ಟೆ.

"ತಗೋಮ್ಮಾ, ನಂಗೆ ಕೈ ನೋಯುತ್ತೆ" ಎಂದು ವಾಪಸು ಕೊಟ್ಟೆ.

ಅವಳು ಮಗುವನ್ನು ಎತ್ತಿಕೊಂಡು ನನ್ನ ಮುಖವನ್ನೇ ನೋಡಿದಳು. "ಅಪ್ಪಾ, ನೀವು ಇಲ್ಲೇ ಇದ್ದೀರಾ, ಆದ್ರೂ ಇಲ್ಲ. ಏನಾಗಿದೆ ನಿಮಗೆ?"

ಅವತ್ತು ನಾನು ಮೊದಲ ಸಲ ಹೆದರಿದೆ. ಅದುವರೆಗೂ ಇದು ಸೋಮಾರಿತನವೋ ಮುಪ್ಪೋ ಇರಬೇಕೆಂದುಕೊಂಡಿದ್ದೆ. ಮೊಮ್ಮಗಳನ್ನು ಕಂಡು ಏನೂ ಅನ್ನಿಸದಿರುವುದು ಮುಪ್ಪಲ್ಲ ಎಂಬಷ್ಟು ಬುದ್ಧಿ ಇನ್ನೂ ಉಳಿದಿತ್ತು.

ವಾಪಸು ಬಂದ ಮೇಲೆ ಹೆಂಡತಿ ನನಗೆ ಹೇಳದೆ ಒಂದು ಕೆಲಸ ಮಾಡಿದಳು. ನಮ್ಮ ಗಾಡಿಯ ಡ್ರೈವರ್ ಒಬ್ಬರಿದ್ದರು, ಚಿಕ್ಕಬಳ್ಳಾಪುರದ ಸಾಬರು. ನಾನು ಹಿಂದಿನ ಡಬ್ಬಿಯಲ್ಲಿ, ಅವರು ಮುಂದಿನ ಇಂಜಿನ್ನಿನಲ್ಲಿ, ವರ್ಷಗಟ್ಟಲೆ ಒಟ್ಟಿಗೆ ಓಡಾಡಿದವರು. ಭಾರಿ ಆಳು, ಕಲ್ಲಿದ್ದಲಿನ ಶಾಖಕ್ಕೆ ಮುಖ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಅವರು ಗದರಿದರೆ ಇಂಜಿನ್ನೂ ಮಾತು ಕೇಳುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಹೆಂಡತಿ ಸ್ಟೇಷನ್ನಿಗೆ ಹೋಗಿ, ಗಾಡಿ ನಿಂತಾಗ ಸೀದಾ ಇಂಜಿನ್ನಿನ ಹತ್ತಿರ ನಿಂತು, "ನಿಮ್ಮ ಗಾರ್ಡ್ ಸಾಹೇಬ್ರು ಮಲಗಿಬಿಟ್ಟವ್ರೆ, ಒಂದ್ಸಲ ಬಂದು ನೋಡಿ" ಎಂದು ಹೇಳಿ ಬಂದಿದ್ದಳು.

ರಜೆಯ ದಿನ ಅವರು ಬಂದರು. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಅವರೂ ಧೈರ್ಯದ ಮಾತು ಶುರುಮಾಡುತ್ತಾರೆಂದು ನಾನು ಗೋಡೆಯ ಕಡೆ ತಿರುಗಿದೆ.

"ಗಾರ್ಡ್ ಸಾಬ್, ಒಂದು ಸಲ ನಾನು ತಿಂಗಳುಗಟ್ಟಲೆ ರಜ ಹಾಕಿದ್ದೆ, ಜ್ಞಾಪಕ ಇದೆಯಾ?"

"ಕಾಮಾಲೆ ಆಗಿತ್ತಲ್ಲ."

"ನೀವು ನೆಲನೆಲ್ಲಿ ಸೊಪ್ಪು ಅರೆಸಿ ಕಳಿಸ್ತಿದ್ರಿ."

"ಹೌದು."

"ಕಾಮಾಲೆ ಇರ್ಲಿಲ್ಲ. ನಿಮಗೆ ಈಗ ಬಂದಿರೋದೇ ನನಗೂ ಬಂದಿತ್ತು. ಹೇಳಿದ್ರೆ ಇಂಜಿನ್ನಿಂದ ಇಳಿಸಿಬಿಡ್ತಾರೆ ಅಂತ ಕಾಮಾಲೆ ಅಂದೆ. ಆ ಸೊಪ್ಪು ಮಾತ್ರ, ಅಬ್ಬಾ, ಏನು ಕಹಿ! ನೀವು ಪ್ರೀತಿಯಿಂದ ಕಳಿಸಿದ್ರಿ ಅಂತ ದಿನಾ ಕುಡಿದೆ."

ನಾನು ಗೋಡೆಯ ಕಡೆಯಿಂದ ತಿರುಗಿದೆ. ಈ ಮನುಷ್ಯನಿಗೆ ಬರುವುದಾದರೆ ಇದು ಯಾರಿಗಾದರೂ ಬರಬಹುದು. ಅಷ್ಟು ತಿಳಿದದ್ದಕ್ಕೇ ಎದೆ ಸ್ವಲ್ಪ ಹಗುರವಾಯಿತು.

"ಏನು ಮಾಡಿದ್ರಿ?"

"ಬೆಂಗಳೂರಿಗೆ ಹೋದೆ. ಮನಸ್ಸಿನ ಡಾಕ್ಟರ್ ಹತ್ರ."

"ಹುಚ್ಚಾಸ್ಪತ್ರೆಗಾ?"

"ಜನ ಹಂಗೇ ಕರೀತಾರೆ."

"ಒಳಗೆ ಹೋದೋರು ಹೊರಗೆ ಬರಲ್ಲ ಅಂತಾರಲ್ಲ."

ಸಾಬರು ಎರಡೂ ಕೈ ಚಾಚಿ ತಮ್ಮನ್ನೇ ತೋರಿಸಿಕೊಂಡರು. "ನಾನು ಬಂದಿಲ್ವಾ? ಪೂರ್ತಿ ಹುಷಾರಾದ್ಮೇಲೇ ಇಂಜಿನ್ ಹತ್ತಿದ್ದು. ನಿನ್ನೆ ಕೂಡ ಗಾಡಿ ತಂದಿದೀನಿ."

ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ ಒಳಗೆ ಬಂದಳು. "ಯಾವಾಗ ಹೋಗಣ?" ಎಂದು ಅವರನ್ನು ಕೇಳಿದಳು, ನನ್ನನ್ನಲ್ಲ.

ಮರುವಾರ ಹೊರಟೆವು. ಸಾಬರಿಗೆ ಡ್ಯೂಟಿ ಇದ್ದದ್ದರಿಂದ ಅವರು ಇಂಜಿನ್ನಿನಲ್ಲಿ, ನಾವಿಬ್ಬರು ಪ್ಯಾಸೆಂಜರುಗಳ ನಡುವೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನ ಬುಟ್ಟಿಗಳು ಏರಿದವು, ಡಬ್ಬಿಯೆಲ್ಲ ಗೂಡಿನ ವಾಸನೆ. ಬುಟ್ಟಿಯ ಜೊತೆ ಬಂದ ಹೆಂಗಸೊಬ್ಬಳು ನನ್ನ ಗುರುತು ಹಿಡಿದಳು. "ಗಾರ್ಡ್ ಸಾಮಿ ಅಲ್ವಾ? ಎಷ್ಟು ಇಳಿದೋಗಿದ್ದೀರಿ! ಎಲ್ಲಿಗೆ ಹೊರಟ್ರಿ?"

ನಾನು ನೆಂಟರ ಮನೆಗೆ ಎನ್ನುವವನಿದ್ದೆ. ಹೆಂಡತಿ ಮುಂಚೆಯೇ ಬಾಯಿ ತೆರೆದಳು.

"ಆಸ್ಪತ್ರೆಗಮ್ಮಾ. ಇವ್ರಿಗೆ ಮನಸ್ಸಿಗೆ ಹುಷಾರಿಲ್ಲ."

ಡಬ್ಬಿಯಲ್ಲಿ ಹತ್ತಾರು ಜನ. ನನಗೆ ಕಿಟಕಿಯಿಂದ ಹಾರಿಬಿಡೋಣ ಎನ್ನುವಷ್ಟು ನಾಚಿಕೆಯಾಯಿತು. ಗೂಡಿನ ಹೆಂಗಸು ಮಾತ್ರ, ಜ್ವರವೆಂದು ಹೇಳಿದ್ದರೆ ಹೇಗೋ ಹಾಗೇ ಕೇಳಿಸಿಕೊಂಡು, "ಬೇಗ ತೋರಿಸಿ. ನಮ್ಮತ್ತೇನ ಹಂಗೇ ಬಿಟ್ಟು ಬಿಟ್ಟು ಬಾಳ ಕಷ್ಟ ಆಯ್ತು" ಎಂದು ಮಡಿಲಿನಿಂದ ಒಂದು ಹಿಡಿ ಹುರಿದ ಕಡಲೆಕಾಯಿ ತೆಗೆದು ಹೆಂಡತಿಗೆ ಕೊಟ್ಟಳು. ಅಷ್ಟೇ. ಮತ್ತೆ ಡಬ್ಬಿಯ ಮಾತು ಗೂಡಿನ ರೇಟಿಗೆ ತಿರುಗಿತು. ನಂದಿ ದಾಟುವ ಹೊತ್ತಿಗೆ ನನ್ನ ನಾಚಿಕೆ ಎಲ್ಲೋ ಇಳಿದುಹೋಗಿತ್ತು.

ಡಾಕ್ಟರು ನನಗಿಂತ ಬಹಳ ಚಿಕ್ಕವರು. ಅವರು ಟಾನಿಕ್ಕಿನ ಮಾತೆತ್ತಲಿಲ್ಲ, ಪ್ರಶ್ನೆ ಕೇಳಿದರು. ಬೆಳಗ್ಗೆ ಹೆಚ್ಚೋ ಸಂಜೆ ಹೆಚ್ಚೋ? ಬೇಗ ಎಚ್ಚರವಾಗುತ್ತದೆಯೇ? ಊಟ ರುಚಿಸುತ್ತದೆಯೇ? ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತದೆಯೇ? ನನ್ನ ಮನೆಯ ಕಿಟಕಿಯಿಂದ ಇಣುಕಿ ನೋಡಿದವರ ಹಾಗೆ ಒಂದೊಂದಾಗಿ ಕೇಳುತ್ತಿದ್ದರು. ನನ್ನೊಬ್ಬನಿಗೇ ಬಂದ ಶಾಪವೆಂದುಕೊಂಡಿದ್ದದ್ದು ಅವರಿಗೆ ಗುರುತಿನ ಕಾಯಿಲೆಯಾಗಿತ್ತು. ಕೊನೆಗೆ, "ಬದುಕು ಸಾಕು ಅಂತ ಅನ್ನಿಸಿದ್ದುಂಟಾ?" ಎಂದರು.

ಪಕ್ಕದಲ್ಲಿ ಹೆಂಡತಿ ಇದ್ದಳು. ಸುಳ್ಳು ಹೇಳಬಹುದಿತ್ತು.

"ಬೆಳಗ್ಗೆ ಎಚ್ಚರ ಆಗದೇ ಇದ್ದರೆ ಚೆನ್ನಾಗಿತ್ತು ಅಂತ ದಿನಾ ಅನ್ನಿಸುತ್ತೆ ಸ್ವಾಮಿ" ಎಂದೆ.

ಹೆಂಡತಿ ನನ್ನ ಶರ್ಟಿನ ತೋಳನ್ನು ಹಿಡಿದುಕೊಂಡಳು. ಆ ದಿನ ಮನೆಗೆ ಮುಟ್ಟುವವರೆಗೂ ಬಿಡಲಿಲ್ಲ.

ಡಾಕ್ಟರು ಅವಳ ಕಡೆಗೂ ನನ್ನ ಕಡೆಗೂ ಸಮವಾಗಿ ನೋಡಿ ಹೇಳಿದರು: "ಇದು ಕಾಯಿಲೆ. ಸೋಮಾರಿತನ ಅಲ್ಲ, ಹೇಡಿತನ ಅಲ್ಲ. ವಯಸ್ಸಾದವರಿಗೆ ಬರುತ್ತೆ, ವಾಸಿನೂ ಆಗುತ್ತೆ. ಹಂಗನ್ನಿಸಿದ್ದನ್ನ ಬಾಯಿಬಿಟ್ಟು ಹೇಳಿದ್ರಲ್ಲ, ಒಳ್ಳೇದಾಯ್ತು. ಇನ್ನು ಮೇಲೆ ಅನ್ನಿಸಿದ ಕೂಡಲೇ ಇವರಿಗೆ ಹೇಳಬೇಕು." ಅದಕ್ಕೆ ಡಿಪ್ರೆಶನ್ ಎಂಬ ಹೆಸರನ್ನೂ ಹೇಳಿದರು. ಮಾತ್ರೆ ಕೊಟ್ಟು, ಅವು ಹೆಂಡತಿಯ ಹತ್ತಿರವೇ ಇರಲಿ ಎಂದರು. ಮೊದಮೊದಲು ಬಾಯಿ ಒಣಗುತ್ತದೆ, ಮಂಪರು ಬರುತ್ತದೆ, ಗುಣ ಆಮೇಲೆ ಕಾಣುತ್ತದೆ, ಮಧ್ಯದಲ್ಲಿ ಬಿಟ್ಟುಬಿಡಬೇಡಿ ಎಂದು ಎಚ್ಚರಿಸಿದರು. ಮನಸ್ಸು ಬಂದ ಮೇಲೆ ಎದ್ದೇಳುತ್ತೇನೆ ಎಂದು ಕಾಯಬೇಡಿ, ಎದ್ದು ನಡೆಯಿರಿ, ಮನಸ್ಸು ಹಿಂದಿನಿಂದ ಬರುತ್ತದೆ ಎಂದರು.

ಅವರು ಹೇಳಿದಂತೆಯೇ ಬಾಯಿ ಒಣಗಿತು. ಹೆಂಡತಿ ಕಲ್ಲುಸಕ್ಕರೆ ಕೊಟ್ಟಳು. ಮಾತ್ರೆಗಳನ್ನು ಸಾಸಿವೆ ಡಬ್ಬಿಯಲ್ಲಿಟ್ಟು ತಾನೇ ಕೈಗೆ ಕೊಡುತ್ತಿದ್ದಳು, ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದಳು. ಹಲವು ದಿನ ಏನೂ ಗೊತ್ತಾಗಲಿಲ್ಲ. "ಇದೂ ಟಾನಿಕ್ಕೇ" ಎಂದು ಒಂದು ಸಲ ರೇಗಿದೆ. "ರೇಗಿ ಪರವಾಗಿಲ್ಲ, ನುಂಗಿ" ಎಂದಳು. ಬೆಳಗ್ಗೆ ಅವಳೇ ಎಬ್ಬಿಸಿ ಬೀದಿಯ ಕೊನೆಯವರೆಗೆ ನಡೆಸುತ್ತಿದ್ದಳು. ಸಾಬರು ರಜೆಯ ದಿನ ಬಂದರೆ ಕೆರೆ ಏರಿಯವರೆಗೆ. ಅವರು ನಡೆಯುವಾಗ ಉಪದೇಶ ಮಾಡುತ್ತಿರಲಿಲ್ಲ, ಯಾವ ಹೊಸ ಸ್ಟೇಷನ್ ಮಾಸ್ಟರು ಎಂಥ ಮಂಕ ಎಂದು ಹೇಳುತ್ತಿದ್ದರು. ನನಗೆ ಬೇಕಿದ್ದದ್ದೂ ಅದೇ.

ಯುಗಾದಿ ಹತ್ತಿರವಾದಾಗ ಒಂದು ಮಧ್ಯಾಹ್ನ ಮುದ್ದೆ ಮುರಿದು ಸೊಪ್ಪಿನ ಸಾರಿಗೆ ಅದ್ದಿ ಬಾಯಿಗಿಟ್ಟವನು, "ಏನಿದು, ಉಪ್ಪು ಸುರಿದುಬಿಟ್ಟಿದ್ದೀಯಾ?" ಎಂದೆ.

ಹೆಂಡತಿ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. "ಏನಂದ್ರಿ?"

"ಉಪ್ಪು ಜಾಸ್ತಿ ಆಗಿದೆ ಅಂದೆ."

"ಇನ್ನೊಂದ್ಸಲ ಬಯ್ಯಿರಿ" ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲಾರೆ. ತಿಂಗಳುಗಳಿಂದ ನನಗೆ ಉಪ್ಪಿನ ರುಚಿ ಗೊತ್ತಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಅದಾದ ಮೇಲೆ ನೇರವಾಗಿ ಮೇಲೆದ್ದೆ ಎಂದೇನಲ್ಲ. ಒಂದು ವಾರ ಚೆನ್ನಾಗಿದ್ದರೆ ಎರಡು ದಿನ ಮತ್ತೆ ಮಂಕು. ಡಾಕ್ಟರ ಹತ್ತಿರ ಹೋಗುತ್ತಾ ಬರುತ್ತಾ ಇದ್ದೆವು. ಮಳೆಗಾಲ ಹಿಡಿಯುವ ಹೊತ್ತಿಗೆ ಹೋಟೆಲಿನ ಬೆಂಚಿಗೆ ಮರಳಿದೆ. ಎಲ್ಲರೂ ಏನಾಗಿತ್ತು ಎಂದು ಕೇಳಿದರು. ಕಾಮಾಲೆ ಎನ್ನಬಹುದಿತ್ತು, ನಂಬುತ್ತಿದ್ದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಒಬ್ಬರು ಆವತ್ತಿನಿಂದ ಸ್ವಲ್ಪ ದೂರ ಸರಿದು ಕೂರತೊಡಗಿದರು. ಬೆಂಚಿನಲ್ಲಿ ನನಗೆ ಜಾಗ ಹೆಚ್ಚಾಯಿತು. ಆದರೆ ಆ ತಿಂಗಳೊಳಗೇ ಕೆಂಚಾರ್ಲಹಳ್ಳಿಯ ರೈತರೊಬ್ಬರು ನನ್ನನ್ನು ಹೋಟೆಲಿನಿಂದ ಹೊರಗೆ ಕರೆದು, ತಗ್ಗಿದ ದನಿಯಲ್ಲಿ, "ನಮ್ಮ ತಾಯಿ ಊಟ ಬಿಟ್ಟವ್ರೆ, ಗೋಡೆ ನೋಡ್ಕೊಂಡೇ ಇರ್ತಾರೆ. ಆ ಡಾಕ್ಟ್ರು ಎಲ್ಲಿ ಸಿಗ್ತಾರೆ?" ಎಂದು ಕೇಳಿದರು. ನನ್ನ ಗಂಟಲು ವಾಪಸು ಬಂದಿತ್ತು. ಯಾವ ಗಾಡಿ, ಎಲ್ಲಿ ಇಳಿಯಬೇಕು, ಯಾವ ಬಾಗಿಲು, ಎಲ್ಲವನ್ನೂ ಬೀದಿಗೆ ಕೇಳಿಸುವಂತೆ ಹೇಳಿದೆ.

ಕೆಲವು ವರ್ಷ ಬಿಟ್ಟು ಅದು ಇನ್ನೊಂದು ಸಲ ಬಂತು. ಈ ಸಲ ನಾನು ಕಾಯಲಿಲ್ಲ. ಕೆಲವು ದಿನ ಬೆಳಗ್ಗೆ ಮತ್ತೆ ಎದೆಯ ಮೇಲೆ ಅದೇ ಭಾರದೊಂದಿಗೆ ಎದ್ದದ್ದನ್ನು ಗಮನಿಸಿ, ಕಾಫಿ ತಂದ ಹೆಂಡತಿಗೆ, "ಮತ್ತೆ ಶುರುವಾಗೋ ಹಂಗಿದೆ ಕಣೇ. ಹೋಗಿ ಬರ್ತೀನಿ" ಎಂದೆ. ಅವಳು ಬರುತ್ತೇನೆಂದರೂ ಬೇಡವೆಂದು ಒಬ್ಬನೇ ಹೋದೆ. ಮೊದಲಿನ ಡಾಕ್ಟರು ಬೇರೆ ಊರಿಗೆ ಹೋಗಿದ್ದರು. ಅವರ ಜಾಗದಲ್ಲಿ ಒಬ್ಬ ಲೇಡಿ ಡಾಕ್ಟರು. ಅವರು ಪೆನ್ನು ತೆಗೆಯುವುದಕ್ಕೆ ಮುಂಚೆಯೇ ನಾನು ಬೆಳಗ್ಗೆ ಹೆಚ್ಚು, ಸಂಜೆ ಕಡಿಮೆ, ಎಚ್ಚರ ಬೇಗ, ಊಟ ಸಪ್ಪೆ, ಸಾಯುವ ಯೋಚನೆ ಈ ಸಲ ಇಲ್ಲ, ಹೋದ ಸಲ ಇಂಥ ಮಾತ್ರೆ ಒಗ್ಗಿತ್ತು ಎಂದು ಕ್ರಮವಾಗಿ ಒಪ್ಪಿಸಿದೆ.

ಆಕೆ ಕೇಳಿಸಿಕೊಂಡು ನಕ್ಕರು. "ನನಗೆ ಕೇಳೋಕೆ ಏನೂ ಉಳಿಸಲೇ ಇಲ್ವಲ್ಲ ನೀವು."

"ನೀವು ಕೇಳಿ ಡಾಕ್ಟ್ರೇ, ನಾನು ಇನ್ನೊಂದ್ಸಲ ಹೇಳ್ತೀನಿ" ಎಂದು ಕುರ್ಚಿಯಲ್ಲಿ ನೆಟ್ಟಗೆ ಕೂತೆ.